ಚಿನ್ನದೂರಿನ ನೆಂಟರು

ಹುಬ್ಬಳ್ಳಿಯ ದೇಶಪಾಂಡೆ ನಗರದಿಂದ ಹಟ್ಟಿಗೆ ಹೊರಟವರು ಗದಗ, ಕೊಪ್ಪಳ, ಕುಷ್ಟಗಿ, ಮುದಗಲ್ಲ ದಾಟಿ ಲಿಂಗಸುಗೂರಿಗೆ ಬಂದು, ಅಲ್ಲಿಂದ ಚಿನ್ನದ ಗಣಿಯ ಹಾದಿ ಹಿಡಿಯುತ್ತಾರೆ. 200 ಕಿಲೋಮೀಟರಿಗೂ ಮಿಕ್ಕಿದ ದಾರಿ. ಮಲೆನಾಡಿನ ಸೆರಗು ಧಾರವಾಡಕ್ಕೇ ಮುಗಿಯುತ್ತದೆ. ಮುಂದೆ ಹೋದಂತೆಲ್ಲ ಮರಗಳು ವಿರಳವಾಗಿ, ಜಾಲಿಗಿಡ, ಬೋಳು ಗುಡ್ಡ, ಬಂಡೆಗಳ ರಾಶಿ ಕಣ್ಣಿಗೆ ಬೀಳುತ್ತವೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ಸೀಮೆಯನ್ನು ಹಳೆಯ ಶಾಸನಗಳು ‘ಎಡೆದೊರೆ’ ಎಂದು ಕರೆದಿವೆ. ಎರಡು ಹೊಳೆಗಳ ನಡುವೆ ಇದ್ದೂ ಮಳೆಗೆ ಬಾಯಿ ಬಿಡುತ್ತಿದ್ದ ನಾಡು ಇದು. ಭೂಗೋಳದ ಲೆಕ್ಕದಲ್ಲಿ ಇದು ಮರುಭೂಮಿಯಲ್ಲ. ಆದರೆ ಮೇ ತಿಂಗಳ ಮಧ್ಯಾಹ್ನ ನೆಂಟರ ಮನೆಗೆಂದು ಬಂದಿಳಿದವರಿಗೆ ಆ ವ್ಯತ್ಯಾಸ ತಿಳಿಯುವುದು ಕಷ್ಟ.

ಸುತ್ತಲಿನ ಹಳ್ಳಿಗರು ಒಕ್ಕಲುತನದವರು. ಹಟ್ಟಿಯ ಗಣಿ ಕಾಲೊನಿಗೆ ಬಂದವರು ಮಾತ್ರ ನೆಲದ ಮೇಲಿನ ಬೆಳೆಗಾಗಿ ಬಂದವರಲ್ಲ, ನೆಲದೊಳಗಿನ ಅದಿರಿಗಾಗಿ ಬಂದವರು. ಹತ್ತಿರದ ಹಳ್ಳಿಗಳ ಕೂಲಿಕಾರರಿಂದ ಹಿಡಿದು ದೂರದ ಊರುಗಳ ಗುಮಾಸ್ತರು, ಮಾಸ್ತರರು, ಎಂಜಿನಿಯರುಗಳವರೆಗೆ ಎಲ್ಲರೂ ಸೇರಿ ಕಟ್ಟಿದ ವಸತಿ ಇದು. ಇಂಥವರು ‘ಊರಿಗೆ ಹೋಗಿ ಬರುತ್ತೇವೆ’ ಎಂದಾಗ ಆ ಊರು ಹಟ್ಟಿಯಲ್ಲ, ಬೇರೆಲ್ಲೋ ಇರುವ ಇನ್ನೊಂದು. ಇಪ್ಪತ್ತು ಮೂವತ್ತು ವರ್ಷ ಬಾಳಿದ ಜಾಗವನ್ನೂ ಊರೆಂದು ಕರೆಯಲು ಗಣಿಯವರು ಹಿಂಜರಿಯುವುದೇಕೆ ಎಂಬುದನ್ನು ತಿಳಿಯಬೇಕಾದರೆ ಹಟ್ಟಿಯ ಇತಿಹಾಸವನ್ನು ನೋಡಬೇಕು.

ಧಾರವಾಡದ ಕಲ್ಲು

ಹುಬ್ಬಳ್ಳಿ–ಧಾರವಾಡದವರಿಗೆ ಹಟ್ಟಿ ದೂರವಾದರೂ ಅದರ ಕಲ್ಲು ದೂರದ್ದಲ್ಲ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ವಿಜ್ಞಾನಿ 1880ರ ದಶಕದಲ್ಲಿ ದಕ್ಷಿಣ ಭಾರತದ ಅತಿ ಹಳೆಯ ಪದರುಗಲ್ಲುಗಳ ಪಟ್ಟಿಗಳನ್ನು ಒಟ್ಟುಗೂಡಿಸಿ ಅವಕ್ಕೆ ‘ಧಾರವಾಡ’ ಎಂದೇ ಹೆಸರಿಟ್ಟ. ಇಂದು ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಆ ಹೆಸರಿದೆ. 250 ಕೋಟಿ ವರ್ಷಗಳಿಗೂ ಹಿಂದಿನ ಈ ಕಲ್ಲುಗಳಲ್ಲೇ ಕೋಲಾರ, ಹಟ್ಟಿ, ಗದಗ ಸೀಮೆಯ ಚಿನ್ನವೆಲ್ಲ ಅಡಗಿರುವುದು.

ಅದಕ್ಕೂ ಮೊದಲೇ, 1874ರಲ್ಲಿ, ಫೂಟ್ ಡಂಬಳದ ಗುಡ್ಡಗಳ, ಅಂದರೆ ಕಪ್ಪತಗುಡ್ಡದ, ಚಿನ್ನದ ಬಗ್ಗೆ ಬರೆದಿದ್ದ. ಮಳೆಗಾಲ ಮುಗಿದ ಮೇಲೆ ಹಳ್ಳದ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಣ ಹೆಕ್ಕುವ ಜಲಗಾರರು ಅಲ್ಲಿದ್ದರು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಬಂಡವಾಳದ ಕಂಪನಿ ಅಲ್ಲಿ ಗಣಿ ತೋಡಿತು. ಕೆಲವೇ ವರ್ಷಗಳಲ್ಲಿ ಕೈಬಿಟ್ಟಿತು. ಗದಗ ಸೀಮೆಗೆ ತಪ್ಪಿದ ಗಣಿಯೂರಿನ ಭಾಗ್ಯ, ಇಲ್ಲವೇ ದೌರ್ಭಾಗ್ಯ, ಹಟ್ಟಿಯ ಪಾಲಿಗೆ ಬಂತು.

ಮೂರು ಸಲ ತುಂಬಿದ್ದು, ಎರಡು ಸಲ ಬರಿದಾದದ್ದು

ಹಟ್ಟಿಯಲ್ಲಿ ಆಧುನಿಕ ಗಣಿಗಾರರು ಇಳಿದು ನೋಡಿದಾಗ ಅಲ್ಲಿ ತಮಗಿಂತ ಮೊದಲೇ ಯಾರೋ ಬಂದು ಹೋಗಿದ್ದರು. ಹಳೆಯ ತೋಡುಗಳು 600 ಅಡಿಗೂ ಆಳಕ್ಕೆ ಇಳಿದಿದ್ದವು. ಒಳಗೆ ಸಿಕ್ಕ ಆಸರೆ ಮರದ ತುಂಡುಗಳನ್ನು ಇಂಗಾಲದ ಕಾಲಮಾಪನಕ್ಕೆ ಒಡ್ಡಿದಾಗ ಅವು ಸುಮಾರು 2000 ವರ್ಷ ಹಿಂದಿನವೆಂದು ತಿಳಿಯಿತು. ಮದ್ದಿಲ್ಲ, ಯಂತ್ರವಿಲ್ಲ; ಬಂಡೆಗೆ ಬೆಂಕಿ ಹಾಕಿ ಕಾಯಿಸಿ, ನೀರೆರಚಿ ಬಿರಿಯಿಸಿ, ಆ ಬಿರುಕಿನಲ್ಲಿ ಅದಿರು ಕಿತ್ತು ಮೇಲೆ ತಂದವರು ಅವರು. ಅದಿರನ್ನು ಕುಟ್ಟಿ ಅರೆದ ಗುರುತಾಗಿ ಕಲ್ಲುಗುಂಡುಗಳ ಮೇಲೆ ಗುಳಿಗಳು ಉಳಿದಿವೆ. ಮುದಗಲ್ಲಿನ ಸಮೀಪ ಪಿಕಳೀಹಾಳದಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞ ಎಫ್. ಆರ್. ಆಲ್ಚಿನ್ 1962ರಲ್ಲಿ ಈ ಪ್ರಾಚೀನ ಗಣಿಗಾರಿಕೆಯನ್ನು ಕುರಿತು ವಿವರವಾಗಿ ಬರೆದಿದ್ದಾರೆ.

ಹತ್ತಿರದ ಮಸ್ಕಿಯ ಕಥೆಯೂ ಚಿನ್ನದ್ದೇ. 1915ರಲ್ಲಿ ಬೀಡನ್ ಎಂಬ ಬ್ರಿಟಿಷ್ ಗಣಿ ಎಂಜಿನಿಯರ್ ಚಿನ್ನದ ಜಾಡು ಹುಡುಕುತ್ತ ಗುಡ್ಡ ಹತ್ತಿದವನು ಬಂಡೆಯ ಮೇಲಿನ ಬರಹವನ್ನು ಕಂಡ. ‘ದೇವಾನಾಂಪಿಯ’ ಎಂಬ ಬಿರುದಿನ ದೊರೆ ಅಶೋಕನೇ ಎಂಬುದಕ್ಕೆ ಶಾಸನದ ಸಾಕ್ಷಿ ಮೊದಲು ದೊರೆತದ್ದು ಅಲ್ಲಿ. ದಕ್ಷಿಣದ ಮೌರ್ಯ ಪ್ರಾಂತದ ಕೇಂದ್ರಕ್ಕೆ ‘ಸುವರ್ಣಗಿರಿ’ ಎಂಬ ಹೆಸರಿದ್ದುದೂ, ಈ ಸೀಮೆಯಲ್ಲಿ ಅಶೋಕನ ಶಾಸನಗಳು ಒತ್ತಾಗಿ ಸಿಕ್ಕುವುದೂ ಚಿನ್ನದ ಕಡೆಗೇ ಬೆರಳು ತೋರುತ್ತವೆ ಎಂದು ಹಲವು ವಿದ್ವಾಂಸರ ಅಭಿಪ್ರಾಯ.

ಆ ಮೊದಲ ಗಣಿಗಾರರು ಯಾರು, ಅವರನ್ನು ನೋಡಲು ಯಾವ ಊರಿಂದ ಯಾರು ಬರುತ್ತಿದ್ದರು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಅವರು ಹೋದ ಮೇಲೆ ಗಣಿ ಮರೆತುಹೋಯಿತು. 1886ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಡೆಕ್ಕನ್ ಕಂಪನಿ ನಿಜಾಮರಿಂದ ಗಣಿ ಹಕ್ಕು ಪಡೆದ ಮೇಲೆ ಹಟ್ಟಿಗೆ ಮತ್ತೆ ಜೀವ ಬಂತು. 20ನೇ ಶತಮಾನದ ಮೊದಲ ಎರಡು ದಶಕ ಕೆಲಸ ನಡೆದು, 1920ರ ಹೊತ್ತಿಗೆ ಮತ್ತೆ ನಿಂತಿತು. ಮೂರನೆಯ ಸಲ ಅದು ತುಂಬಿದ್ದು 1947ರಲ್ಲಿ ಹೈದರಾಬಾದ್ ಗೋಲ್ಡ್ ಮೈನ್ಸ್ ಕಂಪನಿ ಹುಟ್ಟಿದ ಮೇಲೆ. ಆ ಕಂಪನಿಯೇ 1972ರಲ್ಲಿ ಹಟ್ಟಿ ಗೋಲ್ಡ್ ಮೈನ್ಸ್ ಎಂಬ ಹೆಸರು ಪಡೆಯಿತು. ಎರಡು ಸಲ ಜನ ಬಂದು, ಎರಡು ಸಲವೂ ಚದುರಿಹೋದ ಜಾಗ ಇದು.

ನಡುವೆ ಇದ್ದ ಗಡಿ

1947ರಲ್ಲಿ ಹುಬ್ಬಳ್ಳಿಯವರು ಹಟ್ಟಿಗೆ ಹೋಗುವುದೆಂದರೆ ಬೇರೊಂದು ರಾಜ್ಯಕ್ಕೇ ಹೋಗುವುದಾಗಿತ್ತು. ಹುಬ್ಬಳ್ಳಿ ಮುಂಬಯಿ ಪ್ರಾಂತದಲ್ಲಿತ್ತು, ಹಟ್ಟಿ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ. ಗಡಿಯಲ್ಲಿ ‘ಕರೋಡಗಿರಿ’ ಎಂಬ ಸುಂಕದ ಕಟ್ಟೆ. ನಾಣ್ಯವೂ ಬೇರೆ: ನಿಜಾಮರ ‘ಹಾಲಿ ಸಿಕ್ಕಾ’ 7 ರೂಪಾಯಿ ಕೊಟ್ಟರೆ ಬ್ರಿಟಿಷ್ ಭಾರತದ 6 ರೂಪಾಯಿ. ಕಚೇರಿಯ ಭಾಷೆ ಉರ್ದು. ಎರಡೂ ಕಡೆ ಕನ್ನಡ ಮಾತಾಡುವವರು, ಹೆಣ್ಣು ಕೊಟ್ಟು ತಂದವರು. ನಡುವೆ ಮಾತ್ರ ಗಡಿ.

1947ರ ಆಗಸ್ಟ್ 15ರ ನಂತರದ ವರ್ಷ ಆ ಗಡಿ ನೋವಿನ ಗೆರೆಯಾಯಿತು. ರಜಾಕಾರರ ಹಾವಳಿಗೆ ಹೆದರಿ ನಿಜಾಮ ಸೀಮೆಯ ಜನ ಗಂಟುಮೂಟೆ ಕಟ್ಟಿಕೊಂಡು ಈಚೆ ದಾಟಿದರು. ಮುಂಡರಗಿ, ಗಜೇಂದ್ರಗಡದಂಥ ಗಡಿಯೂರುಗಳಲ್ಲಿ ಹೋರಾಟದ ಶಿಬಿರಗಳು ಎದ್ದವು. ಅಳವಂಡಿ ಶಿವಮೂರ್ತಿಸ್ವಾಮಿಯವರು ಮುಂಡರಗಿ ಶಿಬಿರವನ್ನು ಮುನ್ನಡೆಸಿದರು. ಆಚೆಯಿಂದ ಬಂದ ನೆಂಟರಿಗೆ ಆಶ್ರಯ ಕೊಟ್ಟದ್ದು ಈಚೆಯ ನೆಂಟರ ಮನೆಗಳೇ. 1948ರ ಸೆಪ್ಟೆಂಬರ್ 17ರಂದು ಹೈದರಾಬಾದ್ ಸಂಸ್ಥಾನ ಭಾರತದ ಒಕ್ಕೂಟಕ್ಕೆ ಸೇರಿತು. 1956ರ ನವೆಂಬರ್ 1ರಂದು ಎರಡೂ ಸೀಮೆಗಳು ಒಂದೇ ರಾಜ್ಯದವಾದವು. ಹಟ್ಟಿ ಮತ್ತೆ ಗಣಿಯಾಗಿ ಬೆಳೆದ ವರ್ಷಗಳೂ, ಗಡಿ ಅಳಿಸಿದ ವರ್ಷಗಳೂ ಒಂದೇ.

‘ಕಸಿನ್ ಜ್ಯಾಕ್’

ಗಣಿಗಳಿಗೆ ಜನ ಹೋದದ್ದು ಒಬ್ಬೊಬ್ಬರಾಗಿ ಅಲ್ಲ, ನೆಂಟಸ್ತಿಕೆಯ ಸರಪಳಿ ಹಿಡಿದು. ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯಲ್ಲಿ 19ನೇ ಶತಮಾನದಲ್ಲಿ ತಾಮ್ರ, ತವರದ ಗಣಿಗಳು ಸೊರಗಿದಾಗ ಅಲ್ಲಿಯ ಗಣಿಗಾರರು ಜಗತ್ತಿನಾದ್ಯಂತ ಹರಡಿದರು. ಎಲ್ಲಿ ಕೆಲಸ ಖಾಲಿಯಾದರೂ ‘ನನ್ನ ಕಸಿನ್ ಜ್ಯಾಕ್ ಒಬ್ಬನಿದ್ದಾನೆ’ ಎನ್ನುತ್ತಿದ್ದರಂತೆ. ಹೀಗಾಗಿ ಅವರೆಲ್ಲರಿಗೂ ‘ಕಸಿನ್ ಜ್ಯಾಕ್’ ಎಂಬ ಅಡ್ಡಹೆಸರೇ ನಿಂತಿತು. 1880ರ ದಶಕದಿಂದ ಜಾನ್ ಟೇಲರ್ ಆ್ಯಂಡ್ ಸನ್ಸ್ ಸಂಸ್ಥೆ ನಡೆಸಿದ ಕೋಲಾರದ ಗಣಿಗಳಿಗೂ ಇಂಥವರು ಬಂದರು.

ನಮ್ಮ ಕಡೆಯ ‘ಜ್ಯಾಕ್’ಗಳ ಸಂಖ್ಯೆ ಇನ್ನೂ ದೊಡ್ಡದು. ಕೋಲಾರ ಗಣಿಗಳ ಆಳಕ್ಕೆ ಇಳಿದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟು, ಚಿತ್ತೂರು ಸೀಮೆಯ ತಮಿಳು, ತೆಲುಗು ಕುಟುಂಬಗಳವರು. ಅವರಲ್ಲಿ ಬಹುಪಾಲು ದಲಿತರು. ಜಮೀನ್ದಾರನ ಜೀತಕ್ಕಿಂತ ಗಣಿಯ ಕತ್ತಲೆ ಅವರಿಗೆ ಮೇಲಾಗಿ ಕಂಡಿತು. ಹಬ್ಬಕ್ಕೆ ಹೊಸ ಬಟ್ಟೆ ತೊಟ್ಟು, ಕೈಯಲ್ಲಿ ರೊಕ್ಕ ಹಿಡಿದು ಹಳ್ಳಿಗೆ ಹೋದ ಗಣಿ ಕಾರ್ಮಿಕ, ಅಲ್ಲಿ ಬಿಟ್ಟುಬಂದ ತಮ್ಮನಿಗೂ ಭಾವಮೈದುನನಿಗೂ ಹೊಸ ದಾರಿ ತೋರಿಸುತ್ತಿದ್ದ. ಮರುಸಲ ಹೊರಡುವಾಗ ಅವರೂ ಜೊತೆಗಿರುತ್ತಿದ್ದರು. ನೆಂಟರ ಮನೆಗೆಂದು ಬಂದವರು ಹಾಜರಿ ಪುಸ್ತಕಕ್ಕೆ ಹೆಸರು ಹಚ್ಚಿ ಅಲ್ಲೇ ಉಳಿಯುವುದು ಗಣಿಯೂರುಗಳಲ್ಲಿ ಸಾಮಾನ್ಯ ಸಂಗತಿ.

ಕಂಪನಿಯ ಮನೆ, ಕಂಪನಿಯ ಹೊತ್ತು

ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಧಾರವಾಡದ ಪೇಡೆ ಕಟ್ಟಿಕೊಂಡು ಹಟ್ಟಿಗೆ ಹೋದ ನೆಂಟರಿಗೆ ಮೊದಲು ಹೊಸದಾಗಿ ಕಾಣುವುದು ಅಲ್ಲಿಯ ಹೊತ್ತು. ಗಣಿಗೆ ಹಗಲು ರಾತ್ರಿಯ ಭೇದವಿಲ್ಲ, ಪಾಳಿಗಳು ಮಾತ್ರ. ‘ಕಾಕಾ ನೈಟ್ ಶಿಫ್ಟ್ ಮುಗಿಸಿ ಮಲಗ್ಯಾನ, ಗದ್ದಲ ಮಾಡಬ್ಯಾಡ್ರಿ’ ಎಂದು ಮಕ್ಕಳಿಗೆ ಹೇಳುವ ಮಾತು ಅಲ್ಲಿ ನಡುಹಗಲಿನದು. ಕಾಕಾ ಇಳಿದು ಬಂದ ಮಲ್ಲಪ್ಪ ಶಾಫ್ಟಿನ ಆಳ ಎರಡು ಸಾವಿರ ಅಡಿಗೂ ಹೆಚ್ಚು. ಒಂದು ಟನ್ ಕಲ್ಲು ಮೇಲೆ ತಂದರೆ ಅದರಲ್ಲಿ ಸಿಗುವ ಚಿನ್ನ ಕೆಲವೇ ಗ್ರಾಂ. ಒಂದು ಸಣ್ಣ ಉಂಗುರಕ್ಕೆ ಎಷ್ಟು ಕಲ್ಲು ಒಡೆಯಬೇಕೆಂಬ ಲೆಕ್ಕ ಗಣಿಯವರ ಮನೆಯಲ್ಲಿ ಮಾತ್ರ ತಿಳಿಯುವಂಥದು. ಪಾಳಿ ಮುಗಿದು ಅರ್ಧ ತಾಸು ತಡವಾದರೆ ಮನೆಯ ಹೆಂಗಸರ ಮಾತು ಏಕೆ ನಿಲ್ಲುತ್ತದೆ ಎಂಬುದೂ ನೆಂಟರಿಗೆ ಅಲ್ಲೇ ಅರ್ಥವಾಗುತ್ತದೆ. ಕಲ್ಲು ಕುಸಿಯುವ ಭಯ ಒಂದಾದರೆ, ವರ್ಷಗಟ್ಟಲೆ ಕಲ್ಲಿನ ದೂಳು ಕುಡಿದು ಬರುವ ಸಿಲಿಕೋಸಿಸ್ ಇನ್ನೊಂದು.

ಎರಡನೆಯ ಸಂಗತಿ, ಮನೆ. ಕ್ವಾರ್ಟರ್ಸು ಕಂಪನಿಯದು, ಆಸ್ಪತ್ರೆ ಕಂಪನಿಯದು, ಕೃಷ್ಣೆಯಿಂದ ಬರುವ ನೀರೂ ಕಂಪನಿಯದು. ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇ ಎಂದು ಗಾದೆ ಕೇಳುತ್ತದೆ. ಗಣಿಯೂರಿನಲ್ಲಿ ಹೊಳೆಯನ್ನು ಮನೆಯತನಕ ತಂದವನೇ ದೊಣೆನಾಯಕ, ಆದ್ದರಿಂದ ಅಪ್ಪಣೆಯೂ ಬೇಕು. ನಿವೃತ್ತಿಯಾದೊಡನೆ ಮನೆ ಬಿಟ್ಟುಕೊಡಬೇಕು. ನೆಂಟರು ನಾಲ್ಕು ದಿನದ ಅತಿಥಿಗಳಾದರೆ, ಮನೆಯವರು ಮೂವತ್ತು ವರ್ಷದ ಅತಿಥಿಗಳು.

ನಿಜವಾದ ಮರುಭೂಮಿಯಲ್ಲಿ

ಧಾರವಾಡದ ಕಲ್ಲಿನಷ್ಟೇ ಪ್ರಾಚೀನವಾದ, ಅದರಂತೆಯೇ ಚಿನ್ನ ಹೊತ್ತ ಕಲ್ಲು ಪಶ್ಚಿಮ ಆಸ್ಟ್ರೇಲಿಯದ ಒಣನೆಲದಲ್ಲೂ ಇದೆ. 1892ರಲ್ಲಿ ಕೂಲ್‌ಗಾರ್ಡಿ, 1893ರಲ್ಲಿ ಕಾಲ್ಗೂರ್ಲಿ ಎಂಬಲ್ಲಿ ಚಿನ್ನ ಸಿಕ್ಕಿ, ನೀರಿಲ್ಲದ ನೆಲದಲ್ಲಿ ಜನಜಾತ್ರೆ ನೆರೆಯಿತು. ಸಾಮಾನು ಸಾಗಿಸಿದ್ದು ಒಂಟೆಗಳು. ಒಂಟೆ ನಡೆಸಿದವರನ್ನು ಅಲ್ಲಿ ‘ಅಫ್ಘನರು’ ಎಂದು ಕರೆದರೂ ಅವರಲ್ಲಿ ಅನೇಕರು ಆಗಿನ ಭಾರತದ ಸಿಂಧ್, ಪಂಜಾಬ್, ಬಲೂಚಿಸ್ತಾನದವರು. ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ಬಂದ ಅವರನ್ನು ನೋಡಲು ಸಾಗರ ದಾಟಿ ಯಾವ ನೆಂಟರು ಬಂದಾರು? 1903ರಲ್ಲಿ 500 ಕಿಲೋಮೀಟರಿಗೂ ದೂರದಿಂದ ಕೊಳವೆಯಲ್ಲಿ ನೀರು ಬಂದ ಮೇಲೆ ಕಾಲ್ಗೂರ್ಲಿ ಊರಾಗಿ ನಿಂತಿತು. ಸ್ವಾತಂತ್ರ್ಯಾನಂತರ ಕೋಲಾರ ಗಣಿಯ ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಕ್ಕೆ ಹೋಗಿ ನೆಲೆಸಿದವು.

ಆದರೆ ಅಲ್ಲಿಯ ಹೊಸ ಗಣಿಗಳು ಈಗ ಊರುಗಳನ್ನೇ ಕಟ್ಟುವುದಿಲ್ಲ. ಕೆಲಸಗಾರರು ಪರ್ತ್‌ನಂಥ ನಗರದಿಂದ ವಿಮಾನದಲ್ಲಿ ಹೋಗಿ, ಒಂದೆರಡು ವಾರ ಶಿಬಿರದಲ್ಲಿದ್ದು ದುಡಿದು, ವಿಮಾನದಲ್ಲೇ ಮರಳುತ್ತಾರೆ. ಹೆಂಡತಿ ಮಕ್ಕಳು ನಗರದಲ್ಲೇ. ಅಲ್ಲಿ ಮದುವೆಯಿಲ್ಲ, ತೊಟ್ಟಿಲು ಶಾಸ್ತ್ರವಿಲ್ಲ, ಬೀಗರೂಟವಿಲ್ಲ. ಕಂಪನಿಗೆ ಖರ್ಚು ಕಡಿಮೆ. ಅದಿರು ಮುಗಿದರೆ ಶಿಬಿರ ಬಿಚ್ಚಿಕೊಂಡು ಹೋದರಾಯಿತು. ಅಳುವವರು ಯಾರೂ ಇರುವುದಿಲ್ಲ.

ಗಣಿ ಮುಚ್ಚಿದ ಮೇಲೆ

ಊರು ಕಟ್ಟಿದ ಗಣಿ ಮುಚ್ಚಿದರೆ ಏನಾಗುತ್ತದೆ ಎಂಬುದಕ್ಕೆ ಕೋಲಾರವೇ ಸಾಕ್ಷಿ. ಸುಮಾರು 800 ಟನ್ ಚಿನ್ನ ಕೊಟ್ಟ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ, 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಪಡೆದ ಗಣಿ 2001ರ ಫೆಬ್ರುವರಿ 28ರಂದು ನಿಂತಿತು. ಆಳದ ಸುರಂಗಗಳಲ್ಲಿ ನೀರು ತುಂಬಿತು. ಸಯನೈಡ್ ದಿಬ್ಬಗಳ ದೂಳು ಗಾಳಿಗೆ ಹಾರುತ್ತ ಉಳಿಯಿತು. ಬಾಕಿ ಹಣದ, ಮನೆಯ ಹಕ್ಕಿನ ಪ್ರಶ್ನೆಗಳು ವರ್ಷಗಟ್ಟಲೆ ಎಳೆದವು. ಆದರೂ ಜನ ಹೋಗಲಿಲ್ಲ. ಮೂರು ನಾಲ್ಕು ತಲೆಮಾರು ಅಲ್ಲಿ ಹುಟ್ಟಿ ಬೆಳೆದಿತ್ತು. ಪೂರ್ವಜರ ಹಳ್ಳಿಯಲ್ಲಿ ಮನೆಯೂ ಇರಲಿಲ್ಲ, ಗುರುತು ಹಿಡಿಯುವವರೂ ಇರಲಿಲ್ಲ. ಸಾವಿರಾರು ಮಂದಿ ನಸುಕಿನ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗಿ, ರಾತ್ರಿ ಅದೇ ಕ್ವಾರ್ಟರ್ಸಿಗೆ ಮರಳತೊಡಗಿದರು. ಕಂಪನಿಯ ಲೆಕ್ಕದಲ್ಲಿ ಮುಗಿದ ಜಾಗವನ್ನು ಅವರು ಊರೆಂದೇ ಹಿಡಿದುಕೊಂಡರು.

ಕೋಲಾರ ಮುಚ್ಚಿದ ಮೇಲೆ ದೇಶದ ಗಣಿ ಚಿನ್ನದ ಬಹುಭಾಗ ಹಟ್ಟಿಯದೇ ಆಯಿತು. ವರ್ಷಕ್ಕೆ ಒಂದೂವರೆ ಟನ್ನಿನ ಆಸುಪಾಸು ತೆಗೆಯುವ ಈ ಗಣಿಯ ಬಗ್ಗೆ ಮಾತು ಬಂದಾಗಲೆಲ್ಲ ಇನ್ನೆಷ್ಟು ಅದಿರಿದೆ, ಇನ್ನೆಷ್ಟು ಆಳಕ್ಕೆ ಇಳಿಯಬಹುದು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಅದಿರು ಇರುವಾಗಲೇ ಮಾಡಬೇಕಾದ ಇನ್ನೊಂದು ಲೆಕ್ಕವೂ ಇದೆ. ನಿವೃತ್ತರಾದವರಿಗೆ ಅಲ್ಲೇ ನಿಲ್ಲಲು ಸ್ವಂತ ಮನೆ ಉಂಟೇ, ಅವರ ಮಕ್ಕಳಿಗೆ ಗಣಿ ಬಿಟ್ಟು ಬೇರೆ ದುಡಿಮೆ ಉಂಟೇ, ಕೃಷ್ಣೆಯ ನೀರು ಕಂಪನಿಯಿಲ್ಲದಿದ್ದರೂ ಬಂದೀತೇ? ಎರಡು ಸಾವಿರ ವರ್ಷದ ಹಿಂದೆ ಬೆಂಕಿ ಹಚ್ಚಿ ಕಲ್ಲು ಒಡೆದವರ ಹೆಸರಾಗಲಿ ಮನೆಯಾಗಲಿ ಉಳಿದಿಲ್ಲ, ಮರದ ತುಂಡು ಮತ್ತು ಅರೆಗಲ್ಲಿನ ಗುಳಿ ಉಳಿದಿವೆ. ಮೂರನೆಯ ಸಲ ತುಂಬಿದ ಹಟ್ಟಿ ಆ ದಾರಿ ಹಿಡಿಯದಿರಬೇಕಾದರೆ, ಗಣಿ ನಿಂತ ಮರುವರ್ಷವೂ ಬುತ್ತಿ ಕಟ್ಟಿಕೊಂಡು ಬರುವ ನೆಂಟರಿಗೆ ಅಲ್ಲೊಂದು ಮನೆ ತೆರೆದಿರಬೇಕು.