ಯಳಂದೂರು: ದಿವಾನರ ಜಹಗೀರು

ಚಾಮರಾಜನಗರದಿಂದ ಕೊಳ್ಳೇಗಾಲಕ್ಕೆ ಹೊರಟ ಬಸ್ಸು ಸಂತೇಮರಹಳ್ಳಿ ದಾಟಿದ ಮೇಲೆ ಸಿಗುವ ಊರು ಯಳಂದೂರು. ಪಕ್ಕದಲ್ಲಿ ಸುವರ್ಣಾವತಿ ಹೊಳೆ, ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟದ ಸಾಲು. ರಾಜ್ಯದ ಸಣ್ಣ ತಾಲ್ಲೂಕುಗಳಲ್ಲಿ ಇದೂ ಒಂದು. ಆದರೆ ಒಂದು ಕಾಲಕ್ಕೆ ಇಡೀ ಸೀಮೆ ಒಂದೇ ಮನೆತನದ ಜಹಗೀರಾಗಿತ್ತು. ಅದು ದಿವಾನ್ ಪೂರ್ಣಯ್ಯನವರ ಮನೆತನ.

ಪೂರ್ಣಯ್ಯ ಬರುವ ಮೊದಲೇ ಊರಿಗೆ ಹೆಸರಿತ್ತು. ಹದಿನಾಡಿನ ಪಾಳೆಯಗಾರರು ಕಟ್ಟಿಸಿದ ಗೌರೀಶ್ವರ ದೇವಾಲಯದ ಮುಂದೆ ಬಳೆಮಂಟಪವಿದೆ. ಕಲ್ಲನ್ನು ಕೊರೆದು, ಒಂದಕ್ಕೊಂದು ಸೇರಿಸಿದಂತೆ ಬಳೆಗಳ ಸರಪಳಿ ಬಿಡಿಸಿದ ಶಿಲ್ಪಿಗಳ ಹೆಸರು ಉಳಿದಿಲ್ಲ, ಕೆಲಸ ಮಾತ್ರ ಉಳಿದಿದೆ. ಮೈಸೂರಿನ ಚಿಕ್ಕದೇವರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ ಈ ಊರ ಮನೆಮಗಳು. ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದ ಹೊನ್ನಮ್ಮ ‘ಹದಿಬದೆಯ ಧರ್ಮ’ ಬರೆದು ಕವಯಿತ್ರಿಯಾದಳು. ಅವಳೂ ಇಲ್ಲಿಯವಳೇ. ಚಿಕ್ಕದೇವರಾಜರ ಮಂತ್ರಿ ವಿಶಾಲಾಕ್ಷ ಪಂಡಿತನೂ ಯಳಂದೂರಿನವನು.

ಪೂರ್ಣಯ್ಯ ಮಾತ್ರ ಇಲ್ಲಿಯವರಲ್ಲ. ಕೊಯಮತ್ತೂರು ಸೀಮೆಯ ಮಾಧ್ವ ಬ್ರಾಹ್ಮಣರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡು ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯಲು ಕೂತವರು, ಆ ಲೆಕ್ಕದ ಬಲದಿಂದಲೇ ಹೈದರಾಲಿಯ ದರ್ಬಾರು ಸೇರಿದರು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಹತ್ತಿರದ ಶಿಬಿರದಲ್ಲಿ ಹೈದರ್ ತೀರಿಕೊಂಡಾಗ ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದ. ಸಾವಿನ ಸುದ್ದಿ ಹೊರಬಿದ್ದರೆ ದಂಡು ಚೆದುರಿಹೋಗುತ್ತಿತ್ತು. ಪೂರ್ಣಯ್ಯ ಮತ್ತು ದರ್ಬಾರಿನ ಇನ್ನೊಬ್ಬ ಅಧಿಕಾರಿ ಕೃಷ್ಣರಾವ್ ಸೇರಿ ಶವವನ್ನು ಪೆಟ್ಟಿಗೆಯಲ್ಲಿಟ್ಟು, ಖಜಾನೆಯ ಪೆಟ್ಟಿಗೆಯೆಂಬಂತೆ ಸಾಗಿಸಿದರು. ಟಿಪ್ಪು ಬಂದು ಅಧಿಕಾರ ಹಿಡಿಯುವವರೆಗೆ ದಂಡು ಅಲ್ಲಾಡಲಿಲ್ಲ.

1799ರ ಮೇ 4ರಂದು ಶ್ರೀರಂಗಪಟ್ಟಣ ಇಂಗ್ಲಿಷರ ಕೈಗೆ ಬಿತ್ತು, ಟಿಪ್ಪು ಮಡಿದ. ಪೂರ್ಣಯ್ಯ ಕೂಡಲೇ ಇಂಗ್ಲಿಷರ ಕಡೆ ವಾಲಿದರು ಎನ್ನುವವರು ಒಂದು ಮಾತು ಮರೆಯುತ್ತಾರೆ: ಟಿಪ್ಪುವಿನ ಹಿರಿಮಗ ಫತೇ ಹೈದರನನ್ನೇ ಪಟ್ಟಕ್ಕೆ ತರಬಹುದೆಂದು ಮೊದಲು ಸೂಚಿಸಿದವರು ಅವರೇ. ಇಂಗ್ಲಿಷರ ಕಂಪನಿ ಒಪ್ಪಲಿಲ್ಲ. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯ ದಿವಾನರಾದರು. ಹೈದರ್, ಟಿಪ್ಪು, ಈಗ ಒಡೆಯರ ಅರಮನೆ, ಈ ಮೂರು ಧಣಿಗಳಿಗೂ ಬೇಕಾಗಿದ್ದದ್ದು ಕಂದಾಯ. ಅದನ್ನು ಎತ್ತಬಲ್ಲ ಮನುಷ್ಯ ಅವರ ಬಳಿ ಇದ್ದ.

ಎತ್ತದೆ ವಿಧಿಯೂ ಇರಲಿಲ್ಲ. ಒಪ್ಪಂದದಂತೆ ಕಂಪನಿಗೆ ಪ್ರತಿವರ್ಷ 7 ಲಕ್ಷ ಸ್ಟಾರ್ ಪಗೋಡ, ಅಂದರೆ 24.5 ಲಕ್ಷ ರೂಪಾಯಿ ಕಟ್ಟಬೇಕಿತ್ತು. ಅದನ್ನು ಕಟ್ಟಿಯೂ, 1804ರಲ್ಲಿ ಶ್ರೀರಂಗಪಟ್ಟಣದ ಕಲ್ಲಿನ ಸೇತುವೆ ಕಟ್ಟಿಸಿಯೂ, 1811ರಲ್ಲಿ ಅಧಿಕಾರ ಬಿಡುವಾಗ ಬೊಕ್ಕಸದಲ್ಲಿ ಎರಡು ಕೋಟಿಗೂ ಮಿಕ್ಕ ಹಣ ಇತ್ತಂತೆ. ಹೊಗಳುವವರು ಇದನ್ನೇ ಎತ್ತಿ ಹೇಳುತ್ತಾರೆ. ನನಗೆ ಅನುಮಾನ: ಅಷ್ಟು ಹಣ ಮಿಗಬೇಕಾದರೆ ರೈತನ ಕಣಜದಿಂದ ಎಷ್ಟು ಬಂದಿರಬೇಕು? ಅವರ ಎಲ್ಲ ಯೋಜನೆಗಳೂ ಕೈಗೂಡಲಿಲ್ಲ. ಕಾವೇರಿ ನೀರನ್ನು ಮೈಸೂರಿಗೆ ತರಲು ತೋಡಿಸಿದ ಕಾಲುವೆ ಅರ್ಧಕ್ಕೇ ನಿಂತಿತು. ಪೂರ್ಣಯ್ಯ ನಾಲೆಯಲ್ಲಿ ಇವತ್ತು ಹರಿಯುವುದು ಊರಿನ ಕೊಳಚೆ.

ಯಳಂದೂರು ಅವರ ಕೈಸೇರಿದ್ದು 1807ರಲ್ಲಿ, ಸೇವೆಗೆ ಬಹುಮಾನವಾಗಿ. ವಂಶಪಾರಂಪರ್ಯದ ಜಹಗೀರು. ಅದನ್ನು ಅನುಭವಿಸಲು ಅವರಿಗೆ ಹೆಚ್ಚು ಕಾಲ ಸಿಗಲಿಲ್ಲ, 1812ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದಲ್ಲಿ ತೀರಿಕೊಂಡರು. ಆಮೇಲಿನ ಕಥೆ ವಿಚಿತ್ರ. ಜಹಗೀರು ಕೊಟ್ಟ ಮಹಾರಾಜರ ಕೈಯಿಂದ 1831ರಲ್ಲಿ ಆಡಳಿತವನ್ನೇ ಬ್ರಿಟಿಷರು ಕಿತ್ತುಕೊಂಡರು, ಅರಮನೆಗೆ ಅದು ಮರಳಿದ್ದು 1881ರಲ್ಲಿ. ಈ ಐವತ್ತು ವರ್ಷವೂ ಯಳಂದೂರು ಮಾತ್ರ ಪೂರ್ಣಯ್ಯನವರ ಮನೆತನದ್ದೇ ಆಗಿತ್ತು.

ಅದೇ ವಂಶದ ಪಿ. ಎನ್. ಕೃಷ್ಣಮೂರ್ತಿ 1901ರಲ್ಲಿ ಮೈಸೂರಿನ ದಿವಾನರಾದರು. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹರಿದದ್ದೂ 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದ್ದೂ ಅವರು ದಿವಾನರಾಗಿದ್ದಾಗಲೇ. ಯಳಂದೂರಿನಲ್ಲಿ ಈಗ ಜಹಗೀರೂ ಇಲ್ಲ, ಜಹಗೀರ್ದಾರರ ದರ್ಬಾರೂ ಇಲ್ಲ. ಅವರ ಬಂಗಲೆ ಪೂರ್ಣಯ್ಯನವರ ಹೆಸರಿನ ವಸ್ತುಸಂಗ್ರಹಾಲಯವಾಗಿದೆ. ಬಳೆಮಂಟಪ ನೋಡಲು ಬಂದವರು ಅಲ್ಲಿಗೂ ಹೋಗಿಬರಬಹುದು.