ಇಯರ್‌ಬಡ್‌ನೊಳಗಿನ ಹಳೆಯ ಲೆಕ್ಕ

2024ರ ಸೆಪ್ಟೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಆ್ಯಪಲ್ ಕಂಪನಿಯ ಏರ್‌ಪಾಡ್ಸ್ ಪ್ರೊ 2 ಇಯರ್‌ಬಡ್‌ಗಳನ್ನು ಶ್ರವಣ ಸಾಧನವಾಗಿ ಬಳಸುವ ತಂತ್ರಾಂಶಕ್ಕೆ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಬಂದ ಬರಹಗಳಲ್ಲಿ ಹೆಚ್ಚಿನವು ಎರಡು ಮಾತು ಹೇಳುತ್ತವೆ: ದುಬಾರಿ ಕಿವಿ ಮಷೀನಿನ ಕಾಲ ಮುಗಿಯಿತು, ಅದನ್ನು ಹೊಂದಿಸಿಕೊಡುವ ಆಡಿಯಾಲಜಿಸ್ಟರ ಕಾಲವೂ ಮುಗಿಯಿತು. ಮೊದಲನೆಯದು ನಿಜವಾದರೆ ಸಂತೋಷ. ಎರಡನೆಯದನ್ನು ಹೇಳುವವರು ಆ ಪುಟ್ಟ ಸಾಧನ ಒಳಗೆ ಏನು ಲೆಕ್ಕ ಹಾಕುತ್ತಿದೆ, ಆ ಲೆಕ್ಕ ಎಲ್ಲಿಂದ ಬಂತು ಎಂದು ವಿಚಾರಿಸಿದಂತೆ ಕಾಣುವುದಿಲ್ಲ.

ಹಳೆಯ ಅಧ್ಯಾಯಗಳನ್ನು ಬೇಗ ದಾಟಬಹುದು. ಬೀಥೋವನ್‌ಗೆ ಮೆಲ್ಜೆಲ್ ಮಾಡಿಕೊಟ್ಟ ಲೋಹದ ತುತ್ತೂರಿಗಳು, 19ನೆಯ ಶತಮಾನದ ಕೊನೆಗೆ ಮಿಲರ್ ರೀಸ್ ಹಚಿಸನ್ ಕಟ್ಟಿದ ವಿದ್ಯುತ್ ಸಾಧನ, ಆಮೇಲೆ ವಾಲ್ವಿನವು, 1952ರ ಕೊನೆಗೆ ಸೋನೋಟೋನ್ ಕಂಪನಿಯ ಟ್ರಾನ್ಸಿಸ್ಟರ್ ಮಾದರಿ. ಟ್ರಾನ್ಸಿಸ್ಟರ್ ರೇಡಿಯೊ ಅಂಗಡಿಗೆ ಬಂದದ್ದು 1954ರಲ್ಲಿ. ಕಿವಿ ಮಷೀನು ಅದಕ್ಕಿಂತ ಮೊದಲೇ ಬಂದಿತ್ತು. ಇಷ್ಟು ಕಾಲ ಪೆಟ್ಟಿಗೆ ಚಿಕ್ಕದಾಗುತ್ತ ಬಂತೇ ಹೊರತು ಯೋಚನೆ ಅಲ್ಲೇ ನಿಂತಿತ್ತು: ಕೇಳದಿದ್ದರೆ ಜೋರು ಮಾಡು.

ನಿಜವಾದ ಜಗಳ ಹುಟ್ಟಿದ್ದು 1940ರ ದಶಕದಲ್ಲಿ. ಸ್ಯಾಮ್ಯುಯೆಲ್ ಲೈಬಾರ್ಗರ್ ಎಂಬ ಎಂಜಿನಿಯರ್ ಒಂದು ಸರಳ ಸೂತ್ರ ಹೇಳಿದ: ಕೇಳುವಿಕೆ ಎಷ್ಟು ಡೆಸಿಬಲ್ ಕುಂದಿದೆಯೋ ಅದರ ಸುಮಾರು ಅರ್ಧದಷ್ಟು ಧ್ವನಿ ಏರಿಸಿದರೆ ಸಾಕು. ಅಂದರೆ ಕಿವಿಗೊಂದು ಅಳತೆ ಬೇಕು. 1947ರ ಹಾರ್ವರ್ಡ್ ವರದಿ ಇದಕ್ಕೆ ತದ್ವಿರುದ್ಧ ನಿಂತು, ಒಂದೇ ಬಗೆಯ ವರ್ಧನೆ ಬಹುತೇಕ ಎಲ್ಲರಿಗೂ ಆಗುತ್ತದೆ ಎಂದಿತು. ಬ್ರಿಟನ್ 1948ರಲ್ಲಿ ಮೆಡ್‌ರೆಸ್ಕೊ ಎಂಬ ಸಾಧನವನ್ನು ತನ್ನ ಹೊಸ ಆರೋಗ್ಯ ಸೇವೆಯ ಮೂಲಕ ಉಚಿತವಾಗಿ ಹಂಚಿದ್ದು ಇಂಥದೇ ಧೈರ್ಯದ ಮೇಲೆ. ಬಡವರ ಪಾಲಿಗೆ ಅದು ದೊಡ್ಡ ಕೆಲಸ, ಅಲ್ಲಗಳೆಯುವುದಿಲ್ಲ. ಆದರೆ ಕಿವಿ ಅಷ್ಟು ಸರಳವಾದ ಅಂಗವಲ್ಲ.

ವಯಸ್ಸಾದವರಿರುವ ಮನೆಯಲ್ಲಿ ಎಲ್ಲರೂ ನೋಡಿರುತ್ತೀರಿ. ‘ಏನಂದೆ? ಸ್ವಲ್ಪ ಜೋರಾಗಿ ಹೇಳು’ ಎನ್ನುವ ಅಜ್ಜಿಯೇ, ಜೋರಾಗಿ ಹೇಳಿದ ತಕ್ಷಣ ‘ಯಾಕೆ ಹಾಗೆ ಕಿರುಚುತ್ತೀಯ?’ ಎಂದು ಗದರುತ್ತಾಳೆ. ಅದು ಹಟವಲ್ಲ. ಒಳಗಿವಿಯ ಕೂದಲ ಕೋಶಗಳು ಸತ್ತಾಗ ಮೆಲುದನಿ ಕೇಳುವುದಿಲ್ಲ. ಜೋರು ದನಿ ಮಾತ್ರ ಎಲ್ಲರಿಗೆ ಕೇಳುವಷ್ಟೇ ಜೋರಾಗಿ ಕೇಳುತ್ತದೆ. ನಡುವಿನ ಹಾದಿ ಕಿರಿದಾಗಿರುತ್ತದೆ. ಜೊತೆಗೆ ಹೆಚ್ಚಿನವರಲ್ಲಿ ಮೊದಲು ಹೋಗುವುದು ಮೇಲಿನ ಕಂಪನಾಂಕಗಳು. ಸ್ವರಗಳು ಕೇಳುತ್ತವೆ, ವ್ಯಂಜನಗಳು ಜಾರಿಹೋಗುತ್ತವೆ. ಸಾಲು, ಕಾಲು, ಹಾಲು, ಪಾಲು ಎಲ್ಲ ಒಂದೇ ಆಗುತ್ತವೆ. ಇಂಥ ಕಿವಿಗೆ ಎಲ್ಲವನ್ನೂ ಸಮನಾಗಿ ಏರಿಸಿಕೊಟ್ಟರೆ ಸ್ವರ ಅಬ್ಬರಿಸುತ್ತದೆ, ಮಾತು ಮಾತ್ರ ತಿಳಿಯದು.

ಈ ಕಗ್ಗಂಟನ್ನು ಬಿಡಿಸಿದವರಲ್ಲಿ ನಾನು ಮೊದಲು ನೆನೆಯುವುದು ಎಡ್ಗರ್ ವಿಲ್‌ಚುರ್‌ನನ್ನು. ಧ್ವನಿವರ್ಧಕಗಳ ತಯಾರಿಕೆಯಲ್ಲಿ ಹೆಸರು ಮಾಡಿದ್ದ ಆತ 1973ರಲ್ಲಿ ಹೊಸ ದಾರಿ ತೋರಿಸಿದ. ಧ್ವನಿಯನ್ನು ಕಂಪನಾಂಕಗಳ ಪಟ್ಟಿಗಳಾಗಿ ಸೀಳಿ, ಒಂದೊಂದರಲ್ಲೂ ಮೆಲುದನಿಯನ್ನು ಹೆಚ್ಚು ಏರಿಸಿ, ಜೋರು ದನಿಯನ್ನು ಕಡಿಮೆ ಏರಿಸುವುದು. ನಾವು ಕಂಪ್ರೆಷನ್ ಎನ್ನುವುದು ಇದನ್ನೇ. ಆತ ಅದಕ್ಕೆ ಪೇಟೆಂಟ್ ಪಡೆಯದೆ, ಪ್ರಕಟಿಸಿ ಎಲ್ಲರಿಗೂ ಬಿಟ್ಟುಕೊಟ್ಟ. 1980ರ ದಶಕದ ಕೊನೆಗೆ ರಿಸೌಂಡ್ ಕಂಪನಿಯ ಸಾಧನ ಈ ದಾರಿಯಲ್ಲಿ ಬಂತು. 1996ರಲ್ಲಿ ಡೆನ್ಮಾರ್ಕಿನ ವೈಡೆಕ್ಸ್ ಮತ್ತು ಓಟಿಕಾನ್ ಕಂಪನಿಗಳು ಪೂರ್ತಿ ಡಿಜಿಟಲ್ ಸಾಧನಗಳನ್ನು ತಂದವು.

ಜನ ಡಿಜಿಟಲ್ ಎಂಬುದನ್ನೇ ಕ್ರಾಂತಿ ಎಂದುಕೊಂಡರು. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಕೆಲಸ ಆಸ್ಟ್ರೇಲಿಯಾದ ನ್ಯಾಷನಲ್ ಅಕೂಸ್ಟಿಕ್ ಲ್ಯಾಬೊರೇಟರೀಸ್‌ನಲ್ಲಿ ಸದ್ದಿಲ್ಲದೆ ನಡೆದಿತ್ತು. ಡೆನಿಸ್ ಬರ್ನ್, ಹಾರ್ವಿ ಡಿಲ್ಲನ್ ಮೊದಲಾದವರು ಆಡಿಯೋಗ್ರಾಂ (ಕಂಪನಾಂಕವಾರು ಕೇಳುವಿಕೆಯ ನಕ್ಷೆ) ನೋಡಿ ಯಾವ ಕಂಪನಾಂಕಕ್ಕೆ ಎಷ್ಟು ವರ್ಧನೆ ಬೇಕೆಂದು ಹೇಳುವ ಸೂತ್ರ ಕಟ್ಟಿದರು. 1976ರಲ್ಲಿ ಮೊದಲನೆಯದು, 1986ರಲ್ಲಿ ತಿದ್ದಿದ್ದು, 1999ರಲ್ಲಿ ಕಂಪ್ರೆಷನ್‌ಗೆ ಹೊಂದುವಂಥದ್ದು, 2011ರಲ್ಲಿ ಅದರ ಎರಡನೆಯ ರೂಪ. ಈ ಕೊನೆಯದು ಚೀನೀ ಭಾಷೆಯಂಥ, ದನಿಯ ಏರಿಳಿತದಿಂದ ಪದದ ಅರ್ಥ ಬದಲಾಗುವ ಭಾಷೆಗಳಿಗೆ ಬೇರೆ ಲೆಕ್ಕ ಹಾಕುತ್ತದೆ. ಭಾಷೆಗೂ ಕಿವಿಯ ಅಳತೆಗೂ ಸಂಬಂಧವಿದೆ ಎಂದು ಒಪ್ಪಿಕೊಂಡಂತಾಯಿತು. ಕೆನಡಾದ ರಿಚರ್ಡ್ ಸೀವಾಲ್ಡ್ ಮಕ್ಕಳಿಗಾಗಿ ಇನ್ನೊಂದು ಸೂತ್ರ ಕೊಟ್ಟರು. ಸಾಧನ ಹಾಕಿದ ಮೇಲೆ ಕಿವಿಯ ನಾಳದೊಳಗೆ ಎಳೆ ಕೊಳವೆಯ ಮೈಕ್ ಇಳಿಸಿ, ತಮಟೆಯ ಹತ್ತಿರ ನಿಜಕ್ಕೂ ಎಷ್ಟು ಧ್ವನಿ ಮುಟ್ಟಿದೆ ಎಂದು ಅಳೆಯುವ ಪದ್ಧತಿಯೂ ಇದೇ ಕಾಲದ್ದು.

ನಮ್ಮ ತಲೆಮಾರಿನ ಆಡಿಯಾಲಜಿಸ್ಟರು ಕಲಿತದ್ದು ಇದನ್ನು. ಕಲಿತ ಊರು ಮೈಸೂರು. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮಾನಸಗಂಗೋತ್ರಿಯಲ್ಲಿ ನೆಲೆಯೂರಿ, ಈ ದೇಶದ ಆಡಿಯಾಲಜಿಗೆ ತವರಾಯಿತು. ಅದರ ನಿರ್ದೇಶಕರಾಗಿದ್ದ ನ. ರತ್ನ ಕನ್ನಡದ ನಾಟಕಕಾರರೂ ಹೌದು. ಮಾತಿನ ಮೋಹ ಎರಡೂ ಕಡೆ ಕೆಲಸ ಮಾಡಿರಬೇಕು. ಇಂಗ್ಲಿಷಿನ ಪದಪಟ್ಟಿಯಿಂದ ಕನ್ನಡದ ಕಿವಿಯನ್ನು ಪರೀಕ್ಷಿಸಲಾಗದು ಎಂದು ಅರಿತು ಕನ್ನಡದ್ದೇ ಪಟ್ಟಿಗಳನ್ನು ಅಲ್ಲಿ ಸಿದ್ಧಪಡಿಸಿದರು. ಆದರೆ ಹೊರಗೆ ಶಿಬಿರಗಳಲ್ಲಿ ಹಂಚಿದ್ದು ಬಹುಮಟ್ಟಿಗೆ ಅಂಗಿಯ ಜೇಬಿನ ಪಾಕೆಟ್ ಮಾಡೆಲ್. ಕಿವಿಯ ಅಚ್ಚು ತೆಗೆದು ಮಾಡುವ ಇಯರ್‌ಮೋಲ್ಡ್ ಇಲ್ಲ, ತಿರುಗಿ ನೋಡುವವರಿಲ್ಲ. ಎಷ್ಟೋ ಮಷೀನುಗಳು ಒಂದೆರಡು ಸೆಲ್ ತಿಂದು ಕಪಾಟು ಸೇರಿದವು. ಹಾರ್ವರ್ಡ್ ವರದಿಯನ್ನು ಓದದೆಯೇ ನಾವು ಅದನ್ನು ಪಾಲಿಸಿದ್ದೆವು.

ಅಮೆರಿಕದಲ್ಲಿ ತೊಂದರೆ ಬೇರೆ: ಸಾಧನ ಚೆನ್ನ, ಬೆಲೆ ಕೈಗೆಟುಕದು. 2015ರಲ್ಲಿ ಅಧ್ಯಕ್ಷರ ವಿಜ್ಞಾನ ಸಲಹೆಗಾರರ ಮಂಡಳಿ, 2016ರಲ್ಲಿ ರಾಷ್ಟ್ರೀಯ ಅಕಾಡೆಮಿಗಳು ವರದಿ ಕೊಟ್ಟವು. 2017ರಲ್ಲಿ ಎಲಿಜಬೆತ್ ವಾರನ್ ಮತ್ತು ಚಕ್ ಗ್ರಾಸ್ಲಿ, ಎದುರುಬದುರು ಪಕ್ಷಗಳ ಇಬ್ಬರು ಸೆನೆಟರರು, ಕೂಡಿ ಮಂಡಿಸಿದ ಮಸೂದೆ ಕಾನೂನಾಯಿತು. ಅದಕ್ಕೆ ನಿಯಮ ಹೊರಬಿದ್ದು ಜಾರಿಯಾದದ್ದು 2022ರ ಅಕ್ಟೋಬರಿನಲ್ಲಿ. 18 ದಾಟಿದ, ಸೌಮ್ಯ ಅಥವಾ ಮಧ್ಯಮ ಕಿವುಡುತನವಿದೆ ಎನಿಸಿದವರು ವೈದ್ಯರ ಚೀಟಿಯಿಲ್ಲದೆ ಅಂಗಡಿಯಲ್ಲಿ ಕೊಳ್ಳಬಹುದು. ಧ್ವನಿಯ ಮಿತಿ 111 ಡೆಸಿಬಲ್, ಕಂಪ್ರೆಷನ್ ಇದ್ದರೆ 117.

2017ರಲ್ಲೇ ಬಂದ ಎರಡು ಅಧ್ಯಯನಗಳನ್ನು ಚೀಟಿಯಿಲ್ಲದ ಮಾರಾಟದ ಪರವಿದ್ದವರೂ ವಿರೋಧಿಸಿದವರೂ ತಮಗೆ ಬೇಕಾದಂತೆ ಓದಿದರು. ಇಂಡಿಯಾನಾ ವಿಶ್ವವಿದ್ಯಾಲಯದ ಲ್ಯಾರಿ ಹ್ಯೂಮ್ಸ್, ತಜ್ಞರು ಹೊಂದಿಸಿದ ಸಾಧನವನ್ನೂ ಜನರೇ ಆರಿಸಿಕೊಂಡದ್ದನ್ನೂ ಹೋಲಿಸಿದರು. ಕೇಳುವ ಪ್ರಯೋಜನದಲ್ಲಿ ಹೆಚ್ಚು ಅಂತರವಿರಲಿಲ್ಲ. ನಮ್ಮ ವೃತ್ತಿಯವರು ಇದನ್ನು ಮರೆಮಾಚಬಾರದಿತ್ತು. ಆದರೆ ಕೊನೆಗೆ ಸಾಧನವನ್ನು ಕೊಳ್ಳಲು ಒಲವು ತೋರಿದವರು ಮೊದಲ ಗುಂಪಿನಲ್ಲಿ ನೂರಕ್ಕೆ 81, ಎರಡನೆಯದರಲ್ಲಿ 55. ಜಾನ್ಸ್ ಹಾಪ್ಕಿನ್ಸ್‌ನ ನಿಕೊಲಸ್ ರೀಡ್ ತಂಡ ಚೀಟಿಯಿಲ್ಲದೆ ಸಿಗುವ ಐದು ಧ್ವನಿವರ್ಧಕಗಳನ್ನು ಪರೀಕ್ಷಿಸಿತು. ಕೆಲವು ಶ್ರವಣ ಸಾಧನಕ್ಕೆ ಸಮೀಪ ಬಂದವು. ಸುಮಾರು 30 ಡಾಲರಿನದನ್ನು ಹಾಕಿಕೊಂಡವರಿಗೆ ಏನೂ ಹಾಕಿಕೊಳ್ಳದಿದ್ದಾಗ ತಿಳಿದಷ್ಟೂ ತಿಳಿಯಲಿಲ್ಲ. ಆ ಜಾತಿಯವೇ ಇಂದು ನಮ್ಮಲ್ಲಿ ಆನ್‌ಲೈನಿನಲ್ಲಿ ಕೆಲವು ನೂರು ರೂಪಾಯಿಗೆ ಶ್ರವಣ ಸಾಧನವೆಂಬ ಹೆಸರಿನಲ್ಲಿ ಮಾರಾಟವಾಗುತ್ತಿವೆ.

ಇಯರ್‌ಬಡ್‌ಗಳು ಈ ಅಂಗಳಕ್ಕೆ ಬಂದದ್ದು ನಿಧಾನವಾಗಿ. ಬೋಸ್ ಕಂಪನಿ 2018ರಲ್ಲಿ ಅನುಮತಿ ಪಡೆದು, 2021ರಲ್ಲಿ ಮಾರಿ, ಮರುವರ್ಷ ಕೈಬಿಟ್ಟಿತು. ಆ್ಯಪಲ್ 2018ರಲ್ಲಿ ಫೋನನ್ನೇ ಮೈಕ್ ಮಾಡುವ ಸೌಲಭ್ಯವನ್ನು ಏರ್‌ಪಾಡ್ಸ್‌ಗೆ ಕೊಟ್ಟಿತು; 2020ರಿಂದ ಆಡಿಯೋಗ್ರಾಂಗೆ ತಕ್ಕಂತೆ ಧ್ವನಿ ತಿದ್ದುವುದು ಸಾಧ್ಯವಾಯಿತು. 2022ರಲ್ಲಿ ತೈವಾನಿನ ವೈದ್ಯರು 21 ಮಂದಿಯ ಮೇಲೆ ಪರೀಕ್ಷಿಸಿ, ಏರ್‌ಪಾಡ್ಸ್ ಪ್ರೊ ದುಬಾರಿ ಸಾಧನಗಳಿಗೆ ಬಹಳ ಹಿಂದೇನಿಲ್ಲ ಎಂದು ತೋರಿಸಿದರು. 2024ರ ಅನುಮತಿಗೆ ಆಧಾರವಾದದ್ದು 118 ಮಂದಿಯ ಅಧ್ಯಯನ. ಅದರಲ್ಲಿ ಬಳಕೆದಾರರೇ ಹೊಂದಿಸಿಕೊಂಡದ್ದನ್ನು ಹೋಲಿಸಿದ್ದು ಯಾವುದರ ಜೊತೆ? ಅದೇ ಸಾಧನವನ್ನು ಪರಿಣತರು ಹೊಂದಿಸಿದ್ದರ ಜೊತೆ. ಐದು ನಿಮಿಷದ ಶುದ್ಧಸ್ವರದ ಪರೀಕ್ಷೆ, ಕಂಪನಾಂಕಕ್ಕೆ ತಕ್ಕ ವರ್ಧನೆ, ಕಂಪ್ರೆಷನ್. ತಜ್ಞರಿಲ್ಲದೆ ನಡೆಯುವ ಸಾಧನ ತಜ್ಞರ ಅರ್ಧ ಶತಮಾನದ ಲೆಕ್ಕವನ್ನೇ ನಡೆಸುತ್ತಿದೆ.

ಆಗ ಈ ಸೌಲಭ್ಯ ಭಾರತದಲ್ಲಿ ತೆರೆದಿರಲಿಲ್ಲ. ಬೆಂಗಳೂರಿನ ಲಗ್ರಾಂಜ್ ಪಾಯಿಂಟ್ ಎಂಬ ಗುಂಪಿನ ತರುಣರು ತಮ್ಮ ಅಜ್ಜಿಯರಿಗಾಗಿ ಅಲ್ಯೂಮಿನಿಯಂ ಹಾಳೆ, ತಾಮ್ರದ ಜಾಲರಿ, ಮೈಕ್ರೊವೇವ್ ಒಲೆ ಬಳಸಿ ಊರಿನ ವೈಫೈ ಸಂಕೇತಗಳನ್ನು ತಡೆದು, ಸಾಧನ ಕ್ಯಾಲಿಫೋರ್ನಿಯಾದಲ್ಲಿದೆ ಎಂದು ನಂಬಿಸಿ ಬೀಗ ತೆಗೆದರು. ಇದನ್ನು ಪತ್ರಿಕೆಗಳು ಚಮತ್ಕಾರವಾಗಿ ಬರೆದವು. ನನಗೆ ಕಂಡದ್ದು, ಎಷ್ಟು ಬೇಡಿಕೆಯಿದ್ದರೆ ಜನ ಅಷ್ಟು ದೂರ ಹೋಗುತ್ತಾರೆ ಎಂಬುದು.

ಆದರೂ 25 ಸಾವಿರದ ಆಸುಪಾಸಿನ ಬಡ್, ಅದಕ್ಕೊಂದು ಐಫೋನ್: ಇದು ಹೆಚ್ಚಿನ ಅಜ್ಜಿಯರ ಜಗತ್ತಲ್ಲ. ಬ್ಯಾಟರಿ ದಿನವಿಡೀ ಬಾರದು. ನಾಳ ಮುಚ್ಚಿಕೊಳ್ಳುವುದರಿಂದ ತನ್ನದೇ ದನಿ ಗುಂಯ್ ಎನ್ನುತ್ತದೆ. ತೀವ್ರ ಕಿವುಡುತನಕ್ಕೂ ಮಕ್ಕಳಿಗೂ ಇದಲ್ಲ. ಎಲ್ಲಕ್ಕಿಂತ ಮುಖ್ಯ, ಈ ಪರೀಕ್ಷೆ ಗಾಳಿಯ ಮೂಲಕ ಕೇಳುವುದನ್ನಷ್ಟೇ ಅಳೆಯುತ್ತದೆ. ತೊಂದರೆ ಹೊರಗಿವಿಯ ಗುಗ್ಗೆಯಲ್ಲೋ, ನಡುಗಿವಿಯಲ್ಲೋ, ನರದಲ್ಲೋ ಹೇಳದು. ಕಿವಿ ಸೋರುವ ಕಾಯಿಲೆ ಇಂದಿಗೂ ಸಾಮಾನ್ಯವಾಗಿರುವ ನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ.

ಎರಡು ಸಾವಿರದ ಇಯರ್‌ಬಡ್‌ನಲ್ಲೂ ಇಂದು ಮೈಕ್ ಇದೆ, ಚಿಪ್ ಇದೆ. ಇಲ್ಲದ್ದು ಒಳ್ಳೆಯ ಅಳತೆಯ ಸೂತ್ರ, ಧ್ವನಿಮಿತಿಯ ಖಾತ್ರಿ, ಕನ್ನಡದ ಪರದೆ. ಸೂತ್ರ ಬಲ್ಲವರು ಮೈಸೂರಿನಲ್ಲಿದ್ದಾರೆ, ಪದಪಟ್ಟಿಯೂ ಅಲ್ಲೇ ಇದೆ. ತಂತ್ರಾಂಶ ಬರೆಯುವವರು ಬೆಂಗಳೂರಿನಲ್ಲಿದ್ದಾರೆ. ಅಗ್ಗದ ಬಡ್‌ಗಳನ್ನು ಪ್ರಯೋಗಾಲಯದಲ್ಲಿ ಅಳೆದು, ಯಾವುದು ಆದೀತು ಯಾವುದು ಕೂಡದು ಎಂದು ಸಾರ್ವಜನಿಕವಾಗಿ ಪ್ರಕಟಿಸುವ ಕೆಲಸಕ್ಕೆ ಸರ್ಕಾರ ಹಣ ಕೊಡಬೇಕು. ಅಲ್ಲಿಯವರೆಗೆ ಓದುಗರಲ್ಲಿ ಕೋರುವುದಿಷ್ಟು. ಕಿವಿ ಸೋರುತ್ತಿದ್ದರೆ, ಒಂದೇ ಕಿವಿ ಮಂದವಾಗಿದ್ದರೆ, ತಲೆಸುತ್ತು ಜೊತೆಗಿದ್ದರೆ ಬಡ್ ಕೊಳ್ಳುವ ಮೊದಲು ವೈದ್ಯರಿಗೆ ಕಿವಿ ತೋರಿಸಿ. ದಿಢೀರನೆ ಕೇಳಿಸದಾಗಿದ್ದರೆ ಅದೇ ದಿನ ಹೋಗಿ. ಆ ಚಿಕಿತ್ಸೆ ತಡವಾದಷ್ಟೂ ಫಲ ಕಡಿಮೆ.