ನಾರ್ತ್ ಮೆಡೋ: ಫ್ರಿಟಿಲರಿ ಹೂವಿನ ಹುಲ್ಲುಗಾವಲು

ಇಂಗ್ಲೆಂಡಿನ ವಿಲ್ಟ್‌ಷೈರ್‌ನ ಕ್ರಿಕ್ಲೇಡ್ ಊರಿನ ಪಕ್ಕ, ಥೇಮ್ಸ್ ಮತ್ತು ಚರ್ನ್ ನದಿಗಳ ನಡುವಿನ ಬಯಲು ಇದು. ಬ್ರಿಟನ್ನಿನ ಕಾಡು ಫ್ರಿಟಿಲರಿ ಗಿಡಗಳಲ್ಲಿ ಬಹುಪಾಲು ಇಲ್ಲೇ ಇವೆ.

ಇವನ್ನು ಉಳಿಸಿಕೊಟ್ಟವರು ಶತಮಾನಗಳಿಂದ ಇಲ್ಲಿ ಹುಲ್ಲು ಕೊಯ್ದ ಊರಿನವರು. ಬೇಸಿಗೆಯಲ್ಲಿ, ಬೀಜ ಉದುರಿದ ಮೇಲೆ ಕೊಯ್ಲು; ಆಗಸ್ಟ್ 12ರಿಂದ ಫೆಬ್ರವರಿ 12ರವರೆಗೆ ಜಾನುವಾರುಗಳು ಮೇಯುತ್ತವೆ. ಚಳಿಗಾಲದ ನೆರೆ ಹೂಳಿನ ಜೊತೆ ರಂಜಕ ತರುತ್ತದೆ, ಕೊಯ್ದ ಹುಲ್ಲು ಅದನ್ನು ಹೊರಗೊಯ್ಯುತ್ತದೆ. ಕೊಯ್ಲು ತಪ್ಪಿದರೆ ಒರಟು ಹುಲ್ಲು ಕೊಬ್ಬಿ ಹೂಗಿಡಗಳನ್ನು ಅದುಮಿಬಿಡುತ್ತದೆ.

ಬೇರೆಡೆ ಉತ್ತು ಹಾಳಾದ ನೆರೆಬಯಲುಗಳನ್ನು ಮತ್ತೆ ಹೂಗಾವಲಾಗಿಸಲು, ಹಳೆಯ ಹುಲ್ಲುಗಾವಲಿನ ಹಸಿ ಹುಲ್ಲನ್ನು, ಬೀಜ ಉದುರುವ ಮೊದಲೇ, ಬೀಜ ಸಮೇತ ಕೊಯ್ದು, ತಡಮಾಡದೆ ಒಯ್ದು ಹರಡುತ್ತಾರೆ. ಯೆಲ್ಲೋ ರ‍್ಯಾಟಲ್ ಗಿಡವೂ ನೆರವಿಗೆ ಬರುತ್ತದೆ. ಹುಲ್ಲಿನ ಬೇರಿನಿಂದ ಸಾರ ಹೀರಿ, ಅದರ ಸೊಕ್ಕು ಇಳಿಸಿ, ಉಳಿದ ಗಿಡಗಳಿಗೆ ಜಾಗ ಬಿಡಿಸಿಕೊಡುತ್ತದೆ. ಆದರೂ ತಾಳ್ಮೆ ಬೇಕು: ಬೀಜದಿಂದ ಹುಟ್ಟಿದ ಫ್ರಿಟಿಲರಿ ಹೂ ಬಿಡಲು ಹಲವು ವರ್ಷ ಹಿಡಿಯುತ್ತದೆ.

ಏಪ್ರಿಲ್‌ನಲ್ಲಿ ಬಂದಿದ್ದರೆ ಬಗ್ಗಿ ನೋಡಿ. ತಲೆ ಬಾಗಿದ ನೇರಳೆ ಹೂವಿನ ಎಸಳುಗಳ ಮೇಲೆ ಚದುರಂಗದ ಹಾಸಿನಂಥ ಚೌಕುಳಿಗಳಿವೆ. ನಡುನಡುವೆ ಬಿಳಿ ಹೂಗಳೂ ಕಾಣುತ್ತವೆ. ದಯವಿಟ್ಟು ಕಾಲುದಾರಿ ಬಿಟ್ಟು ಇಳಿಯಬೇಡಿ. ಇನ್ನೂ ಹೂ ಬಿಡದ ಎಳೆಯ ಗಿಡಗಳು ಹುಲ್ಲಿನೆಸಳಿನಂತೆಯೇ ಇರುತ್ತವೆ.